ಮಗಳ ಪಾಸ್‌ಪೋರ್ಟಿಗೆ ಅಪ್ಪನ ಮುದ್ರೆಗಳು

ಹೋದ ವಾರ ಇಲ್ಲೇ ಡಬ್ಲಿನ್‌ನಲ್ಲಿರುವ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಅವಳಿಗೆ ಈಗ ಏಳು ತಿಂಗಳು. "ಅಕ್ಕಾ, ಮಗು ಇಲ್ಲೇ ಹುಟ್ಟುತ್ತಲ್ಲ, ಐರಿಷ್ ಪಾಸ್‌ಪೋರ್ಟ್ ಬಂದೇ ಬರುತ್ತೆ ಅಲ್ವಾ?" ಅಂತ ಕೇಳಿದಳು. ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ನಾನೇ ತಿರುಗಿ ಕೇಳಿದೆ: "ನೀವಿಬ್ಬರೂ ಬಂದಿದ್ದು ಯಾವಾಗ? ಯಾವ ಸ್ಟ್ಯಾಂಪ್ ಮೇಲೆ? ಹಳೇ ಪಾಸ್‌ಪೋರ್ಟ್ ಎಲ್ಲಿದೆ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. (ಸ್ಟ್ಯಾಂಪ್ ಅಂದರೆ ಹೊರದೇಶದವರು ಇಲ್ಲಿ ಯಾವ ಕಾರಣಕ್ಕೆ ಇರಬಹುದು ಅಂತ ಹೇಳುವ ಪರ್ಮಿಷನ್ ಮುದ್ರೆ.)

ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಸುಮ್ಮನೆ ಕೂತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ಐರ್ಲೆಂಡ್‌ನಲ್ಲಿ ಮಗು ಹೆರುವ ಯೋಚನೆ ಇರುವವರು ದಯವಿಟ್ಟು ಪೂರ್ತಿ ಓದಿ.

ಒಂದು ಕಾಲದಲ್ಲಿ ಇಲ್ಲಿ ಹುಟ್ಟಿದರೆ ಸಾಕಿತ್ತು. ಅಪ್ಪ ಅಮ್ಮ ಯಾವ ದೇಶದವರು, ಯಾವ ವೀಸಾ ಮೇಲೆ ಇದ್ದಾರೆ ಅಂತ ಯಾರೂ ಕೇಳುತ್ತಿರಲಿಲ್ಲ. 2004ರ ಜೂನ್‌ನಲ್ಲಿ ಜನಮತ ತೆಗೆದುಕೊಂಡರು. ಮತ ಹಾಕಿದ ನೂರು ಜನರಲ್ಲಿ ಸುಮಾರು 79 ಜನ ಈ ಪದ್ಧತಿ ಬದಲಾಗಲಿ ಅಂದರು. 2005ರ ಜನವರಿ 1ರಿಂದ ಹೊಸ ಕಾನೂನು ಬಂತು. ಈಗ ಅಪ್ಪ ಅಮ್ಮ ಇಬ್ಬರೂ ನಮ್ಮ ಹಾಗೆ ಹೊರಗಿನವರಾಗಿದ್ದರೆ, ಇಬ್ಬರಲ್ಲಿ ಒಬ್ಬರಾದರೂ ಮಗು ಹುಟ್ಟುವುದಕ್ಕೆ ಮೊದಲಿನ ನಾಲ್ಕು ವರ್ಷದಲ್ಲಿ ಒಟ್ಟು ಮೂರು ವರ್ಷ ಇಲ್ಲಿ ಲೆಕ್ಕಕ್ಕೆ ಬರುವ ಹಾಗೆ ಇದ್ದಿರಬೇಕು. ಇದಕ್ಕೆ ಇಲ್ಲಿ ರೆಕನಬಲ್ ರೆಸಿಡೆನ್ಸ್ ಅಂತಾರೆ.

ಈ 'ಲೆಕ್ಕಕ್ಕೆ ಬರುವ ಹಾಗೆ' ಅನ್ನುವುದರಲ್ಲೇ ಎಲ್ಲ ಇರೋದು. ಸ್ಟೂಡೆಂಟ್ ಆಗಿ ಇದ್ದ ದಿನಗಳು ಲೆಕ್ಕಕ್ಕಿಲ್ಲ. ಆಶ್ರಯ ಕೇಳಿ ತೀರ್ಮಾನಕ್ಕೆ ಕಾಯುತ್ತಾ ಕಳೆದ ದಿನಗಳೂ ಲೆಕ್ಕಕ್ಕಿಲ್ಲ. ಪರ್ಮಿಷನ್ ಇಲ್ಲದೆ ಕಳೆದ ಒಂದು ದಿನವೂ ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯ. ಗಂಡನ ಎರಡು ವರ್ಷ, ಹೆಂಡತಿಯ ಒಂದು ವರ್ಷ ಕೂಡಿಸಿ ಮೂರು ಮಾಡೋಕೆ ಆಗಲ್ಲ. ಒಬ್ಬರದೇ ಮೂರು ವರ್ಷ ಇರಬೇಕು.

ನಮ್ಮನೆಯವರು ಬಂದಿದ್ದು 2017ರ ಸೆಪ್ಟೆಂಬರ್‌ನಲ್ಲಿ, ಮಾಸ್ಟರ್ಸ್ ಓದಲು. ಆಗಿನ್ನೂ ಹೊರದೇಶದವರ ನೋಂದಣಿಗೆ ಜಿಎನ್‌ಐಬಿ ಕಾರ್ಡ್ ಕೊಡುತ್ತಿದ್ದರು, ಅದರ ಬದಲಿಗೆ ಐಆರ್‌ಪಿ ಕಾರ್ಡ್ ಬಂದಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. 2018ರ ನವೆಂಬರ್‌ನಲ್ಲಿ ಕೆಲಸ ಸಿಕ್ಕಿ ಸ್ಟ್ಯಾಂಪ್ 1, ಅಂದರೆ ಕೆಲಸದ ಪರ್ಮಿಷನ್, ಆಯಿತು. ನಾನು ಬಂದಿದ್ದು 2019ರ ಜೂನ್‌ನಲ್ಲಿ. ಮಗಳು ಹುಟ್ಟಿದ್ದು 2022ರ ಫೆಬ್ರವರಿಯಲ್ಲಿ. ಹಾಗಾಗಿ ನನ್ನದು 32 ತಿಂಗಳು, ಸಾಲಲ್ಲ. ಅವರದು 39 ತಿಂಗಳು. 36 ಬೇಕು. ಮೂರು ತಿಂಗಳು ಜಾಸ್ತಿಯೇ ಇದೆ ಅಂತ ನೆಮ್ಮದಿಯಾಗಿದ್ದೆವು.

ಗಾರ್ಡಾ (ಇಲ್ಲಿನ ಪೊಲೀಸ್) ಸ್ಟೇಷನ್ನಿನಲ್ಲಿ ಮಗಳ ಪಾಸ್‌ಪೋರ್ಟ್ ಫಾರ್ಮಿಗೆ ಸಾಕ್ಷಿ ಸಹಿ ಹಾಕಿಸಿದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಪೊಲೀಸಪ್ಪ ಫೋಟೋ ನೋಡಿದರು, ನನ್ನ ತೋಳಲ್ಲಿ ಮಲಗಿದ್ದ ಮಗಳ ಮುಖ ನೋಡಿದರು, ಹೆಸರನ್ನು ಎರಡು ಸಲ ಕೇಳಿ ಸರಿಯಾಗಿ ಹೇಳಲು ಕಲಿತುಕೊಂಡರು. ಆಮೇಲೆ ಮುದ್ರೆ ಒತ್ತಿದರು. ಹೊರಗೆ ಬಂದು ನಾವಿಬ್ಬರೂ ಚಳಿಯಲ್ಲಿ ನಿಂತು ಮನೆಗೆ ಫೋನ್ ಮಾಡಿದ್ದೆವು, ಕೆಲಸ ಆಯ್ತು ಅಂತ.

ಆಗಿರಲಿಲ್ಲ. ಕೆಲವು ವಾರದ ಮೇಲೆ ಪಾಸ್‌ಪೋರ್ಟ್ ಆಫೀಸಿನಿಂದ ಪತ್ರ ಬಂತು. ತುಂಬಾ ಮರ್ಯಾದೆಯಿಂದ ಬರೆದಿದ್ದರು. ತಂದೆಯ ವಾಸದ ಲೆಕ್ಕದಲ್ಲಿ ಎರಡು ಕಡೆ ದಾಖಲೆ ಕಾಣುತ್ತಿಲ್ಲ, ಕಳಿಸಿ ಅಂತ. ಒಂದು, 2018ರ ನವೆಂಬರ್‌ನ ಮೊದಲ ಸ್ಟ್ಯಾಂಪ್. ಇನ್ನೊಂದು, 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗಿನ ಐದು ತಿಂಗಳು. ಹಳೇ ಕಾರ್ಡ್ ಮುಗಿದಿದ್ದು ನವೆಂಬರ್‌ನಲ್ಲಿ, ಹೊಸ ಕಾರ್ಡ್ ಶುರುವಾಗಿದ್ದು ಏಪ್ರಿಲ್‌ನಲ್ಲಿ. ನಡುವೆ ಖಾಲಿ. 39ರಲ್ಲಿ ಐದು ಕಳೆದರೆ 34. ಅಂದರೆ ಮಗಳಿಗೆ ಹಕ್ಕೇ ಇಲ್ಲ.

ಆ ರಾತ್ರಿ ಹಾಲ್‌ನ ನೆಲದ ಮೇಲೆ ಇದ್ದಬದ್ದ ಕಾಗದ ಎಲ್ಲ ಹರಡಿಕೊಂಡು ಕೂತೆವು. ಮಗಳಿಗೆ ಆಗ ಎರಡೂವರೆ ತಿಂಗಳು. ಒಂದು ಕೈಯಲ್ಲಿ ಅವಳನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ನಾನು ತಿಂಗಳ ಪಟ್ಟಿ ಬರೆಯುತ್ತಿದ್ದೆ. ಆ ಐದು ತಿಂಗಳು ಇವರು ಎಲ್ಲಿಗೂ ಹೋಗಿರಲಿಲ್ಲ. ಹೋಗೋಕೂ ಆಗುತ್ತಿರಲಿಲ್ಲ, ಲಾಕ್‌ಡೌನ್ ಇತ್ತು. ಇದೇ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದ್ದರು. ತಿಂಗಳು ತಿಂಗಳು ಟ್ಯಾಕ್ಸ್ ಕಟ್ಟಿದ್ದರು. ಇಲ್ಲೇ ಇದ್ದ ಮನುಷ್ಯ ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ನೆನಪಾಯಿತು. ಕೋವಿಡ್ ಶುರುವಾದಾಗ, 2020ರ ಮಾರ್ಚ್‌ನಿಂದ, ಸರ್ಕಾರ ಎಲ್ಲರ ಪರ್ಮಿಷನ್ನುಗಳನ್ನೂ ತಾನಾಗಿಯೇ ಮುಂದಕ್ಕೆ ಹಾಕುತ್ತಾ ಬಂದಿತ್ತು. ಮತ್ತೆ ಮತ್ತೆ ನೋಟಿಸ್ ಹೊರಡಿಸಿ ಕೊನೆಗೆ 2022ರ ಮೇ 31ರವರೆಗೂ ಮುಂದುವರಿಸಿತು. ಅಂದರೆ ಆ ಐದು ತಿಂಗಳು ಇವರು ಕಾನೂನು ಪ್ರಕಾರವೇ ಇದ್ದರು, ಕಾರ್ಡಿನ ಮೇಲೆ ಆ ತಾರೀಕು ಬರೆದಿರಲಿಲ್ಲ ಅಷ್ಟೇ. ಆ ನೋಟಿಸ್‌ಗಳನ್ನು ಒಂದೊಂದಾಗಿ ಹುಡುಕಿ, ಪ್ರಿಂಟ್ ತೆಗೆದು, ನಮ್ಮ ತಾರೀಕು ಯಾವ ನೋಟಿಸ್‌ನಲ್ಲಿ ಬರುತ್ತೆ ಅಂತ ಪೆನ್ನಲ್ಲಿ ಗುರುತು ಮಾಡಿದೆವು. ಜೊತೆಗೆ ಸಂಬಳದ ಚೀಟಿ, ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್. ಮೊದಲಾದರೆ ವರ್ಷದ ಕೊನೆಗೆ ಕಂಪನಿಯವರೇ ಸಂಬಳ, ಟ್ಯಾಕ್ಸ್ ಲೆಕ್ಕದ ಕಾಗದ, ಪಿ60 ಅಂತ ಕೊಡುತ್ತಿದ್ದರಂತೆ. 2019ರಿಂದ ಅದು ನಿಂತಿದೆ. ಈಗ ರೆವೆನ್ಯೂ (ಇಲ್ಲಿನ ತೆರಿಗೆ ಇಲಾಖೆ) ವೆಬ್‌ಸೈಟಿಗೆ ಹೋಗಿ ನಾವೇ ವರ್ಷದ ಲೆಕ್ಕ ಇಳಿಸಿಕೊಳ್ಳಬೇಕು. ನಮಗೆ ಅದೂ ಗೊತ್ತಿರಲಿಲ್ಲ.

ಮೊದಲ ಸ್ಟ್ಯಾಂಪ್‌ನದು ಬೇರೆ ಕಥೆ. ಅದು ಇದ್ದಿದ್ದು ಇವರ ಹಳೇ ಪಾಸ್‌ಪೋರ್ಟಿನಲ್ಲಿ. 2019ರಲ್ಲಿ ಹೊಸದು ಮಾಡಿಸಿದಾಗ ಹಳೆಯದಕ್ಕೆ ಕ್ಯಾನ್ಸಲ್ ಅಂತ ಮುದ್ರೆ ಹಾಕಿ ವಾಪಸ್ ಕೊಟ್ಟಿದ್ದರು. ಇನ್ನು ಇದರಿಂದೇನು ಉಪಯೋಗ ಅಂತ ಇವರು ಊರಿಗೆ ಹೋದಾಗ ಅಲ್ಲೇ ಬಿಟ್ಟು ಬಂದಿದ್ದರು. ಅತ್ತೆಗೆ ಫೋನ್ ಮಾಡಿದೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ, ಇವರ ಮಾರ್ಕ್ಸ್ ಕಾರ್ಡುಗಳ ಜೊತೆ, ಒಂದು ಹಳೇ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಅತ್ತೆ ಯಾವುದನ್ನೂ ಬಿಸಾಡುವವರಲ್ಲ. ಅವತ್ತು ಅದೇ ನಮ್ಮನ್ನು ಉಳಿಸಿತು. ವೀಡಿಯೋ ಕಾಲ್‌ನಲ್ಲಿ ಒಂದೊಂದೇ ಪುಟ ತಿರುಗಿಸಿ ತೋರಿಸಿದರು. "ಇದಾ ಮಗಳೇ? ಇದಾ ನೋಡು?" ಹದಿನೇಳನೇ ಪುಟದಲ್ಲಿ ಇತ್ತು. ಶಾಯಿ ಮಾಸಿತ್ತು, ಆದರೂ ತಾರೀಕು ಓದಲು ಬರುತ್ತಿತ್ತು. ಕೊರಿಯರ್‌ನಲ್ಲಿ ಅದು ಬಂದು ಸೇರುವವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎಲ್ಲ ಕಳಿಸಿದ ಮೇಲೆ ಪಾಸ್‌ಪೋರ್ಟ್ ಬಂತು. ನಮ್ಮದು ಸುಖಾಂತ್ಯ. ಆದರೆ ಆ ಬೀರು ಖಾಲಿ ಮಾಡಿದ್ದಿದ್ದರೆ? ಮನೆ ಬದಲಿಸುವಾಗ ಬಾಡಿಗೆ ಕರಾರು ಕಳೆದುಹೋಗಿದ್ದಿದ್ದರೆ? ನನಗೆ ಪರಿಚಯದ ಒಬ್ಬರಿಗೆ ಹಾಗೇ ಆಯಿತು. ಮೊದಲು ಕೆಲಸ ಮಾಡಿದ ಚಿಕ್ಕ ಕಂಪನಿ ಮುಚ್ಚಿಹೋಗಿತ್ತು. ಪತ್ರ ಬರೆದುಕೊಡಲು ಯಾರೂ ಇರಲಿಲ್ಲ. ಬ್ಯಾಂಕ್ ಅಕೌಂಟ್ ಬದಲಾಗಿತ್ತು. ಒಂದು ವರ್ಷ ಓಡಾಡಿದರು.

ನನ್ನ ಅಭಿಪ್ರಾಯ ಇದು. ಮೂರು ವರ್ಷ ಬೇಕು ಅನ್ನುವ ಕಾನೂನು ಸರಿಯೋ ತಪ್ಪೋ, ಅದನ್ನು ಈ ದೇಶದ ಜನ ಮತ ಹಾಕಿ ತೀರ್ಮಾನಿಸಿದ್ದಾರೆ, ನಾನು ಗೌರವಿಸುತ್ತೇನೆ. ಆದರೆ ಆ ಮೂರು ವರ್ಷವನ್ನು ಸಾಬೀತು ಮಾಡುವ ಭಾರ ಪೂರ್ತಿ ಅಪ್ಪ ಅಮ್ಮನ ಮೇಲೆ ಯಾಕೆ? ಸ್ಟ್ಯಾಂಪ್ ಒತ್ತಿದ್ದು ಸರ್ಕಾರ. ಕಾರ್ಡ್ ಕೊಟ್ಟಿದ್ದು ಸರ್ಕಾರ, ಅದಕ್ಕೆ ಪ್ರತಿ ಸಲ 300 ಯೂರೋ ತೆಗೆದುಕೊಂಡಿದ್ದೂ ಸರ್ಕಾರ. ಟ್ಯಾಕ್ಸ್ ಹಿಡಿದಿದ್ದೂ ಸರ್ಕಾರ. ಒಂದು ಇಲಾಖೆ ಕೊಟ್ಟ ಪರ್ಮಿಷನ್ ಇನ್ನೊಂದು ಇಲಾಖೆಗೆ ಕಾಣದಿದ್ದರೆ ಹಸುಗೂಸಿನ ತಾಯಿ ಕಾಗದ ಹುಡುಕುತ್ತಾ ಕೂರಬೇಕಾ? ಫಾರ್ಮಿನಲ್ಲಿ ಒಂದು ಗೆರೆ ಇಡಲಿ: ನನ್ನ ವಲಸೆ ದಾಖಲೆ ನೋಡಲು ಒಪ್ಪಿಗೆ ಇದೆ ಅಂತ. ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಈ ಕಡೆ ಪಿಪಿಎಸ್ ನಂಬರ್ (ಸರ್ಕಾರಿ ಕೆಲಸಗಳಿಗೆ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ) ಒಂದಿದ್ದರೆ ಎಷ್ಟೋ ಕೆಲಸ ಆಗುತ್ತೆ, ಇದು ಯಾಕೆ ಆಗಬಾರದು?

ಓದುವ ವರ್ಷಗಳ ಬಗ್ಗೆಯೂ ನನಗೆ ಬೇಜಾರಿದೆ. ನಮ್ಮ ಹುಡುಗರು ದುಬಾರಿ ಫೀಸ್ ಕಟ್ಟಿ ಓದುತ್ತಾರೆ. ವಾರಕ್ಕೆ 20 ಗಂಟೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುತ್ತಾರೆ. ಬಾಡಿಗೆ ಕಟ್ಟುತ್ತಾರೆ. ಇಲ್ಲಿನ ಮಳೆ, ಚಳಿ, ಭಾಷೆ ಎಲ್ಲ ಕಲಿಯುವುದೇ ಆ ವರ್ಷಗಳಲ್ಲಿ. ಲೆಕ್ಕ ಹಾಕುವಾಗ ಮಾತ್ರ ಅದು ಸೊನ್ನೆ. ಪೂರ್ತಿ ಸೇರಿಸಿ ಅಂತ ಕೇಳುತ್ತಿಲ್ಲ. ಓದು ಮುಗಿಸಿ ಇಲ್ಲೇ ಕೆಲಸಕ್ಕೆ ಸೇರಿದವರಿಗೆ ಅರ್ಧವಾದರೂ ಸೇರಿಸಬಹುದಲ್ಲ?

ಹಕ್ಕು ಇಲ್ಲದೆ ಹುಟ್ಟಿದ ಮಕ್ಕಳಿಗೆ ದಾರಿ ಪೂರ್ತಿ ಮುಚ್ಚಿಲ್ಲ, ಅದನ್ನೂ ಹೇಳಬೇಕು. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಮಗುವಿಗೆ ನಾಗರಿಕತ್ವ ಕೇಳಲು ಮೊದಲು ಐದು ವರ್ಷ ಕಾಯಬೇಕಿತ್ತು. 2023ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಒಳ್ಳೆಯ ಕೆಲಸ. ಅಲ್ಲೂ ಕಾಗದದ ಕಷ್ಟ ಇದ್ದೇ ಇದೆ. 16 ತುಂಬುವವರೆಗೆ ಮಕ್ಕಳ ಹೆಸರಲ್ಲಿ ಐಆರ್‌ಪಿ ಕಾರ್ಡೇ ಇರಲ್ಲ. ಹಾಗಾಗಿ ಡಾಕ್ಟರ ಪತ್ರ, ಕ್ರೆಶ್‌ನ ಪತ್ರ, ಸ್ಕೂಲಿನ ಪತ್ರ, ಇವನ್ನೇ ಜೋಪಾನ ಮಾಡಬೇಕು.

ನಮ್ಮ ಜನ ಮರೆಯುವ ಇನ್ನೊಂದು ವಿಷಯ ಭಾರತದ ಕಡೆಯದು. ನಮ್ಮಲ್ಲಿ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ಹೊರಗೆ ಹುಟ್ಟಿದ ಮಗು ಭಾರತೀಯ ಆಗಬೇಕಾದರೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು. ಆಗ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕು. ಆದ್ದರಿಂದ ಎರಡೂ ಕಡೆ ಅರ್ಜಿ ಹಾಕಿ ನೋಡೋಣ, ಯಾವುದು ಮೊದಲು ಬರುತ್ತೋ ಅದು ಅನ್ನುವ ಯೋಚನೆ ಬೇಡವೇ ಬೇಡ. ಮೊದಲು ಮನೆಯಲ್ಲಿ ಕೂತು ತೀರ್ಮಾನ ಮಾಡಿ. ಐರಿಷ್ ಪಾಸ್‌ಪೋರ್ಟ್ ತೆಗೆದುಕೊಂಡರೆ ಮಗುವಿಗೆ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮಾಡಿಸಬಹುದು. ನಾವು ಹಾಗೇ ಮಾಡಿದೆವು. ಅತ್ತೆಗೆ ಸ್ವಲ್ಪ ನೋವಾಯಿತು, ಮೊಮ್ಮಗಳು ನಮ್ಮ ದೇಶದವಳಲ್ಲ ಅಂತಾಯಿತಲ್ಲ ಅಂತ. ನನಗೂ ಆಯಿತು. ಅದನ್ನು ಮುಚ್ಚಿಡಲ್ಲ.

ಹೊಸದಾಗಿ ಬಂದವರಿಗೆ ನಾನು ಹೇಳೋದು ಇಷ್ಟೇ. ಇಳಿದ ದಿನದಿಂದ ಒಂದು ಫೈಲ್ ಮಾಡಿ. ಮುಗಿದ ಕಾರ್ಡ್ ತಿರುಗಿ ಕೊಡುವ ಮೊದಲು ಎರಡೂ ಕಡೆ ಫೋಟೋ ತೆಗೆದಿಡಿ. ಪಾಸ್‌ಪೋರ್ಟಿನ ಪ್ರತಿ ಪುಟ ಸ್ಕ್ಯಾನ್ ಮಾಡಿ, ಖಾಲಿ ಪುಟವನ್ನೂ. ಹಳೇ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. ಕಾರ್ಡ್ ಮುಗಿಯುವ ಮೊದಲೇ ರಿನ್ಯೂವಲ್‌ಗೆ ಹಾಕಿ, ಹಾಕಿದ ಇ-ಮೇಲ್ ಜೋಪಾನ ಮಾಡಿ. ನಡುವೆ ಬೀಳುವ ಒಂದೊಂದು ವಾರವೂ ಮುಂದೆ ಹುಟ್ಟುವ ಮಗುವಿನ ಲೆಕ್ಕದಿಂದ ಹೋಗುತ್ತೆ.

ಆ ಹುಡುಗಿಯ ವಿಷಯ ಅರ್ಧಕ್ಕೇ ಬಿಟ್ಟೆ. ಮಾರನೇ ದಿನ ಅವಳ ಗಂಡನ ಕಾರ್ಡು, ಸ್ಟ್ಯಾಂಪುಗಳ ಫೋಟೋ ಕಳಿಸಿದಳು. ಕ್ಯಾಲೆಂಡರ್ ಇಟ್ಟುಕೊಂಡು ಕೂತು ಎಣಿಸಿದೆ. ಡಾಕ್ಟರು ಕೊಟ್ಟ ತಾರೀಕಿಗೆ ಮಗು ಹುಟ್ಟಿದರೆ ಮೂರು ವರ್ಷ ತುಂಬಿ 19 ದಿನ ಜಾಸ್ತಿ ಇರುತ್ತೆ. ಅವಳಿಗೆ ಹೇಳಿದೆ, ಖುಷಿಪಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ಮಗು ಮೂರು ವಾರ ಮುಂಚೆನೇ ಬಂದ್ಬಿಟ್ರೆ?"

ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಪರ್ಮಿಷನ್ ಶುರುವಾದ ತಾರೀಕು ಪಾಸ್‌ಪೋರ್ಟಿನಲ್ಲಿ ಏನಿದೆ, ಕಾರ್ಡಿನಲ್ಲಿ ಏನಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ಎಣಿಸಬೇಕು.