ಹಿಂದೆ ಮುಂದೆ ಒಂದೇ ಟೈರ್ ಯಾಕೆ?

ಮೌಂಟನ್ ಬೈಕ್ ತಗೊಳ್ಳುವಾಗ ನಮ್ಮ ಹುಡುಗರು ಗೇರ್ ಎಷ್ಟು ಅಂತ ಕೇಳುತ್ತಾರೆ, ಫೋರ್ಕ್ ಒತ್ತಿ ನೋಡುತ್ತಾರೆ, ಡಿಸ್ಕ್ ಬ್ರೇಕ್ ಇದೆಯಾ ಅಂತ ವಿಚಾರಿಸುತ್ತಾರೆ. ಟೈರ್ ಮಾತೇ ಬರುವುದಿಲ್ಲ. ನೆಲ ಮುಟ್ಟುವುದು ಅದೊಂದೇ ಅಲ್ವಾ? ಟೈರ್ ಹಿಡಿಯದಿದ್ದರೆ ಎಂಥ ಬ್ರೇಕ್ ಹಿಡಿದರೂ ಚಕ್ರ ಮಾತ್ರ ನಿಲ್ಲುತ್ತದೆ, ಬೈಕ್ ನಿಲ್ಲುವುದಿಲ್ಲ.

ಕೊಡಗಿನ ನೆಲ ಒಂದೇ ಥರ ಇಲ್ಲ, ಅದೇ ಕಷ್ಟ. ಕಾಫಿ ಕೊಯ್ಲಿನ ಹೊತ್ತಿಗೆ ಮಾಂದಲಪಟ್ಟಿ ಕಡೆಯ ಜೀಪ್ ದಾರಿಯಲ್ಲಿ ಗಟ್ಟಿ ನೆಲ, ಮೇಲೆ ಸಡಿಲ ಜಲ್ಲಿ, ಧೂಳು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಳಿಬೀಡು, ಭಾಗಮಂಡಲ ಕಡೆ ಹೋದರೆ ಕೆಂಪು ಮಣ್ಣು ಟೈರಿಗೆ ಮೆತ್ತಿಕೊಂಡು ಬರುತ್ತದೆ. ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಒಂದು ಪದರ ಆಗಿರುತ್ತದೆ. ಅದರ ಕೆಳಗೆ ಅಡ್ಡ ಬೇರು, ಬೇರಿನ ಮೇಲೆ ಪಾಚಿ. ಮುಂದಿನ ಚಕ್ರ ಅದರ ಮೇಲೆ ಓರೆಯಾಗಿ ಹೋಯಿತೋ, ಕಾಲು ಊರುವಷ್ಟೂ ಸಮಯ ಸಿಗುವುದಿಲ್ಲ.

ಕೆಸರಿಗೆ ಬೇಕಾದ್ದು ಎತ್ತರದ, ದೂರ ದೂರ ಇರುವ ಗುಬಟೆಗಳು, ಅಂದರೆ ಟೈರಿನ ಮೇಲೆ ಎದ್ದಿರುವ ರಬ್ಬರ್ ಉಬ್ಬುಗಳು. ಹತ್ತಿರ ಹತ್ತಿರ ಇದ್ದರೆ ನಡುವೆ ಮಣ್ಣು ತುಂಬಿ ಟೈರ್ ನುಣ್ಣಗಾಗುತ್ತದೆ. ಆದರೆ ಒದ್ದೆ ಬೇರು, ಒದ್ದೆ ಕಲ್ಲಿನ ಮೇಲೆ ಗುಬಟೆ ಎಷ್ಟು ಎತ್ತರ ಇದ್ದರೇನು, ಚುಚ್ಚಿ ಹಿಡಿಯಲು ಅಲ್ಲಿ ಜಾಗವೇ ಇಲ್ಲ. ಅಲ್ಲಿ ಕಾಪಾಡುವುದು ಮೆತ್ತನೆಯ ರಬ್ಬರ್. ರಬ್ಬರಿನ ಗಟ್ಟಿತನವನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. 42 ಅಂದರೆ ತುಂಬಾ ಮೆತ್ತಗೆ, 60 ಅಂದರೆ ಗಟ್ಟಿ.

ಹಾಗಾದರೆ ಎರಡೂ ಕಡೆ ಮೆತ್ತನೆಯದೇ ಹಾಕಬಹುದಲ್ವಾ? ಬೇಡ. ನಮ್ಮಲ್ಲಿ ಮಣ್ಣಿನ ದಾರಿ ಸೇರುವ ಮೊದಲು ಡಾಂಬರ್ ರಸ್ತೆಯಲ್ಲಿ ಏರು ತುಳಿಯಲೇಬೇಕು. ಭಾರ ಜಾಸ್ತಿ ಬೀಳುವುದು ಹಿಂದಿನ ಚಕ್ರಕ್ಕೆ, ಪೆಡಲ್ ಬಲ ಹೋಗುವುದೂ ಅದಕ್ಕೇ. ಮೆತ್ತನೆಯ ರಬ್ಬರ್ ಅಲ್ಲಿ ಬೇಗ ಸವೆಯುತ್ತದೆ, ಉರುಳುವುದೂ ಭಾರ. ಅದಕ್ಕೇ ಹೇಳುವುದು, ಮುಂದೆ ಹಿಡಿತ ನೋಡಿ, ಹಿಂದೆ ಬಾಳಿಕೆ ನೋಡಿ. ಮ್ಯಾಕ್ಸಿಸ್ ಮಿನಿಯನ್ ಆಗಲಿ, ಶ್ವಾಲ್ಬೆ ಮ್ಯಾಜಿಕ್ ಮೇರಿ ಆಗಲಿ, ಒಂದೇ ಹೆಸರಿನ ಟೈರ್ ಬೇರೆ ಬೇರೆ ರಬ್ಬರಿನಲ್ಲಿ ಬರುತ್ತದೆ. ಹೆಸರು ನೋಡಿ ಕೊಂಡರೆ ಸಾಲದು, ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದನ್ನು ಪೂರ್ತಿ ಓದಿ.

ಬಾಳಿಕೆ ಅಂದರೆ ಗುಬಟೆ ಸವೆಯುವುದು ಮಾತ್ರ ಅಲ್ಲ. ಗುಬಟೆ ಇನ್ನೂ ಹೊಸದಾಗಿರುವಾಗಲೇ ಕಲ್ಲಿನ ಚೂಪು ಅಂಚಿಗೆ ಪಕ್ಕ ಸೀಳಿ ಹೋಗುತ್ತದೆ. ಅಷ್ಟು ದುಡ್ಡು ಕೊಟ್ಟ ಟೈರ್ ಹಾಗೆ ಹಾಳಾದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಪಕ್ಕ ದಪ್ಪ ಇರುವ ಟೈರ್ ಸ್ವಲ್ಪ ತೂಕ ಜಾಸ್ತಿ, ಇರಲಿ. ತೋಟದ ನಡುವೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಬೈಕ್ ತಳ್ಳಿಕೊಂಡು ಬರುವುದಕ್ಕಿಂತ ಆ ತೂಕ ಹೊರುವುದು ವಾಸಿ.

ಬಿದಿರು ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯದು. ಸಣ್ಣ ತೂತನ್ನು ಒಳಗೆ ಹಾಕುವ ಸೀಲಂಟ್ ಅನ್ನುವ ದ್ರವ ತಾನೇ ಮುಚ್ಚುತ್ತದೆ. ಕೆಲವು ತಿಂಗಳಿಗೆ ಅದು ಒಣಗುತ್ತದೆ, ಆಗಾಗ ಹಾಕುತ್ತಿರಬೇಕು.

ಗಾಳಿ ಮಾತ್ರ ಸುಮ್ನೆ ಕಲ್ಲಿನ ಹಾಗೆ ತುಂಬಿಸಬೇಡಿ. ಸುಮಾರು 70 ಕಿಲೋ ತೂಗುವವರು 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) ಶುರು ಮಾಡಬಹುದು. ರಿಮ್ ಕಲ್ಲಿಗೆ ಬಡಿದರೆ ಒಂದೆರಡು ಏರಿಸಿ. ಟ್ಯೂಬ್ ಇದ್ದರೆ ಇನ್ನೂ ಜಾಸ್ತಿ ಬೇಕು, ಇಲ್ಲದಿದ್ದರೆ ರಿಮ್‌ಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ತೂತಾಗುತ್ತದೆ.

ಎರಡು ಟೈರಿಗೆ ಒಟ್ಟಿಗೆ ದುಡ್ಡು ಹೊಂದದಿದ್ದರೆ ಈ ಮಳೆಗಾಲಕ್ಕೆ ಮುಂದಿನದನ್ನು ಬದಲಿಸಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬೀಳುವುದೇ.