ಶ್ವೇತಭವನದ ಖಾಯಂ ಉಮೇದುವಾರ

ಅಧ್ಯಕ್ಷನಾಗುವವನಿಗೆ ಕನಿಷ್ಠ 35 ವರ್ಷ ತುಂಬಿರಬೇಕು ಎಂದು ಅಮೆರಿಕದ ಸಂವಿಧಾನ ರಚಿಸಿದ ಹಿರಿಯರು ಬರೆದಿಟ್ಟರು. ಎಷ್ಟನೇ ವಯಸ್ಸಿಗೆ ಆಸೆ ಬಿಟ್ಟು ಮನೆಗೆ ಹೋಗಬೇಕು ಎಂಬುದನ್ನು ಮಾತ್ರ ಬರೆಯಲಿಲ್ಲ. ಅಷ್ಟನ್ನು ಮನುಷ್ಯ ತಾನೇ ಅರಿತುಕೊಳ್ಳುತ್ತಾನೆ ಎಂದುಕೊಂಡಿರಬೇಕು, ಪಾಪ. ಮಿನೆಸೋಟ ರಾಜ್ಯದ ಹೆರಾಲ್ಡ್ ಸ್ಟಾಸೆನ್ ಆ ಕಾನೂನಿನ ಎರಡೂ ತುದಿಗಳನ್ನು ಮುಟ್ಟಿ ನೋಡಿದವರು. 1940ರಲ್ಲಿ ಫಿಲಡೆಲ್ಫಿಯಾದಲ್ಲಿ, ರಿಪಬ್ಲಿಕನ್ ಪಕ್ಷ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಅಧಿವೇಶನದಲ್ಲಿ ದಿಕ್ಸೂಚಿ ಭಾಷಣ ಮಾಡಿದಾಗ ಅವರಿಗೆ 33. ಅಭ್ಯರ್ಥಿಯಾಗಲು ಎರಡು ವರ್ಷ ಕಡಿಮೆ. 1992ರಲ್ಲಿ ಮತ್ತೆ ಉಮೇದುವಾರರಾಗಿ ನಿಂತ ವರ್ಷ ಅವರಿಗೆ 85 ತುಂಬಿತು. ಮೊದಲ ಸಲ ಸಂವಿಧಾನ ಬೇಡ ಎಂದಿತು. ಆಮೇಲೆ ಪ್ರತಿಸಲವೂ ಜನ ಬೇಡ ಎಂದರು.

ಅಮೆರಿಕದ ಗವರ್ನರ್ ಎಂದರೆ ರಾಜಭವನದ ತೋಟದಲ್ಲಿ ಇಳಿವಯಸ್ಸು ಕಳೆಯುವ ನಮ್ಮ ರಾಜ್ಯಪಾಲರಲ್ಲ. ಮತ ಕೇಳಿ, ಗೆದ್ದು, ರಾಜ್ಯ ಆಳುವವರು. ನಮ್ಮ ಲೆಕ್ಕಕ್ಕೆ ಮುಖ್ಯಮಂತ್ರಿ. ಸ್ಟಾಸೆನ್ 1938ರಲ್ಲಿ, 31ನೇ ವಯಸ್ಸಿಗೇ ಆ ಕುರ್ಚಿ ಗೆದ್ದಾಗ ಪತ್ರಿಕೆಗಳು 'ಬಾಲ ಗವರ್ನರ್' ಎಂದು ಮುದ್ದು ಮಾಡಿದವು. ಕೆಲಸವನ್ನೂ ಚೆನ್ನಾಗಿಯೇ ಮಾಡಿದರು, ಅದನ್ನು ಒಪ್ಪಿಕೊಳ್ಳೋಣ. ಸರ್ಕಾರಿ ನೌಕರಿಗೆ ಪಕ್ಷದವರ ಬಾಲಬಡುಕರನ್ನು ತುಂಬುವುದು ನಿಲ್ಲಬೇಕು, ಅರ್ಹತೆ ನೋಡಿಯೇ ನೇಮಿಸಬೇಕು ಎಂಬ ಕಾನೂನು ತಂದರು. ಹಾಗಾಗಿ ಮಿನೆಸೋಟದಲ್ಲಿ ಗುಮಾಸ್ತನಾಗಲು ಅರ್ಹತೆ ಬೇಕಾಯಿತು. ಗುಮಾಸ್ತನಿಗಿಂತ ಮೇಲಿನ ಕುರ್ಚಿಗಳಿಗೆ ಅದರ ಅಗತ್ಯವಿಲ್ಲ ಎಂಬುದನ್ನು ತೋರಿಸಲು ಮುಂದಿನ ಅವರ ಬದುಕೇ ಮುಡಿಪಾಯಿತು.

1943ರಲ್ಲಿ ಗವರ್ನರ್ ಹುದ್ದೆ ಬಿಟ್ಟು ನೌಕಾಪಡೆ ಸೇರಿ, ಪೆಸಿಫಿಕ್ ಸಾಗರದಲ್ಲಿ ಅಡ್ಮಿರಲ್ ಹಾಲ್ಸಿಯ ಸಿಬ್ಬಂದಿಯಲ್ಲಿ ಕೆಲಸ ಮಾಡಿದರು. ಚುನಾವಣೆಗೆ ಮುಂಚೆಯೇ ಹೀಗೆ ಹೋಗುತ್ತೇನೆಂದು ಹೇಳಿದ್ದರು, ಹೇಳಿದಂತೆ ಹೋದರು. ಮಾತು ಉಳಿಸಿಕೊಳ್ಳುವ ಈ ಕೆಟ್ಟ ಅಭ್ಯಾಸವೇ ಅವರಿಗೆ ಮುಳುವಾಯಿತೋ ಏನೋ. 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ಸ್ಟಾಸೆನ್‌ರನ್ನು ವಿಶ್ವಸಂಸ್ಥೆ ಕಟ್ಟುವ ಸಮ್ಮೇಳನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಕಳುಹಿಸಿದರು. ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ಅಮೆರಿಕನ್ ಪ್ರತಿನಿಧಿಗಳಲ್ಲಿ 38 ವರ್ಷದ ಸ್ಟಾಸೆನ್ ಕೂಡ ಒಬ್ಬರು.

ಅದೇ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರು ಮೈಸೂರಿನ ದಿವಾನರಾಗಿ ಬಂದರು. ಅದರ ಮರುವರ್ಷ, ಮೈಸೂರು ಚಲೋ ಚಳವಳಿಯಲ್ಲಿ ಜನ ಬೀದಿಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಎಂದು ಗಂಟಲು ಹರಿಯುವಂತೆ ಕೂಗಿದರು. ವಿಶ್ವಶಾಂತಿಯ ದಸ್ತಾವೇಜಿಗೆ ರುಜು ಹಾಕಿದ ಕೈಗೆ ನಮ್ಮವರು ಸಲ್ಲಿಸಿದ ಮರ್ಯಾದೆ ಅದು! ಜವಾಬ್ದಾರಿ ಸರ್ಕಾರ ಬಂತು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು, ದಿವಾನಗಿರಿ ಎಂಬುದೇ ಮೊದಲಿಯಾರರೊಂದಿಗೆ ಮುಗಿಯಿತು. ಸ್ಟಾಸೆನ್‌ಗೆ ಆ ಭಾಗ್ಯ ಸಿಗಲಿಲ್ಲ. ಅಮೆರಿಕದವರು ಸಭ್ಯರು ನೋಡಿ. ಬೀದಿಗಿಳಿದು ಬೈಯಲಿಲ್ಲ, ಮತ ಹಾಕದೆ ಸುಮ್ಮನೆ ಮನೆಯಲ್ಲಿದ್ದರು. ಆ ಮೌನವನ್ನು ಸ್ಟಾಸೆನ್ 'ಮುಂದಿನ ಸಲ ನೋಡೋಣ' ಎಂದು ಅರ್ಥಮಾಡಿಕೊಂಡರು.

1948ರಲ್ಲಿ ಮಾತ್ರ ನಿಜಕ್ಕೂ ಗೆಲ್ಲುವ ಕುದುರೆಯಂತೆಯೇ ಓಡಿದ್ದರು. ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ರಾಜ್ಯರಾಜ್ಯಗಳಲ್ಲಿ ನಡೆಯುವ ಪಕ್ಷದ ಒಳಚುನಾವಣೆಗಳಲ್ಲಿ ವಿಸ್ಕಾನ್ಸಿನ್, ನೆಬ್ರಾಸ್ಕ ಗೆದ್ದಾಗಿತ್ತು. ಆರೆಗನ್‌ನಲ್ಲಿ ಮೇ 17ರಂದು ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ ಜೊತೆ ರೇಡಿಯೊದಲ್ಲಿ ಚರ್ಚೆ ಏರ್ಪಟ್ಟಿತು. ವಿಷಯ ಒಂದೇ: ಕಮ್ಯುನಿಸ್ಟ್ ಪಕ್ಷವನ್ನು ಕಾನೂನಿನಿಂದ ನಿಷೇಧಿಸಬೇಕೇ, ಬೇಡವೇ? ಉದಾರವಾದಿ ಎನಿಸಿಕೊಂಡಿದ್ದ ಸ್ಟಾಸೆನ್ 'ನಿಷೇಧಿಸಬೇಕು' ಎಂದರು. ಡ್ಯೂಯಿ 'ವಿಚಾರವನ್ನು ಗುಂಡಿಕ್ಕಿ ಕೊಲ್ಲಲಾಗದು' ಎಂಬ ಧಾಟಿಯಲ್ಲಿ ವಾದಿಸಿ ಆರೆಗನ್ ಗೆದ್ದರು, ಟಿಕೆಟ್ಟನ್ನೂ ಗೆದ್ದರು. ಆಮೇಲೆ ಚುನಾವಣೆಯಲ್ಲಿ ಅದೇ ಡ್ಯೂಯಿ ಅಧ್ಯಕ್ಷ ಟ್ರೂಮನ್ ಎದುರು ಹೇಗೆ ಮಕಾಡೆ ಮಲಗಿದರು ಎಂಬುದು ಜಗತ್ತಿಗೆಲ್ಲ ಗೊತ್ತು. ಸೋತವನೆದುರು ಸೋತವರಿಗೆ ಅಮೆರಿಕದಲ್ಲಿ ಏನು ಕೊಡುತ್ತಾರೆ?

ವಿಶ್ವವಿದ್ಯಾಲಯ ಕೊಡುತ್ತಾರೆ. ಜೂನ್‌ನಲ್ಲಿ ಫಿಲಡೆಲ್ಫಿಯಾದ ಅಧಿವೇಶನದಲ್ಲಿ ಟಿಕೆಟ್ ಕೈತಪ್ಪಿತು. ಅದೇ ವರ್ಷ ಅದೇ ಊರಿನ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಸ್ಟಾಸೆನ್‌ರನ್ನು ತನ್ನ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಬೆಂಜಮಿನ್ ಫ್ರಾಂಕ್ಲಿನ್ ಕಟ್ಟಿದ ವಿದ್ಯಾಸಂಸ್ಥೆ ಅದು. ಅಷ್ಟು ದೊಡ್ಡ ಸಂಸ್ಥೆಗೆ ವೃತ್ತಿಯಿಂದ ವಕೀಲರಾದ, ಪ್ರವೃತ್ತಿಯಿಂದ ಅಭ್ಯರ್ಥಿಯಾದ ಒಬ್ಬರು ಸಿಕ್ಕಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಜೊತೆಗೇ ಸನ್ನದಿಗೆ ಸಹಿ ಹಾಕಿದ್ದ ವರ್ಜೀನಿಯಾ ಗಿಲ್ಡರ್‌ಸ್ಲೀವ್ ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಡೀನ್ ಆಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಕಾಲೇಜು ನಡೆಸುವುದು ಎಂದರೇನು ಎಂದು ಬಲ್ಲ ಆ ಹೆಂಗಸು ಎಂದೂ ಶ್ವೇತಭವನಕ್ಕೆ ಅರ್ಜಿ ಹಾಕಲಿಲ್ಲ. ಬಹುಶಃ ಅದೇ ಅವರ ಅನರ್ಹತೆ.

ಸ್ಟಾಸೆನ್ ಒಬ್ಬರೇ ಅಲ್ಲ. ಅದೇ 1948ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ ಬಂದವರು ಜನರಲ್ ಐಸೆನ್‌ಹೋವರ್. ಯುದ್ಧ ಗೆದ್ದುಕೊಟ್ಟ ಸೇನಾನಿಗೆ ಪರೀಕ್ಷೆ, ಪ್ರವೇಶ, ಪ್ರಾಧ್ಯಾಪಕರ ಬಡ್ತಿಯ ಕಡತ! ರೈಲಿನಲ್ಲಿ ಎರಡು ಗಂಟೆ ದೂರದ ಎರಡು ಹೆಸರಾಂತ ವಿದ್ಯಾಪೀಠಗಳಲ್ಲಿ ಇಬ್ಬರು ಭಾವೀ ಉಮೇದುವಾರರು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಬಸ್ ಪ್ರಯಾಣಿಕರಂತೆ, 1952ಕ್ಕೆ ಕಾಯುತ್ತ ಕುಳಿತರು. ವಿದ್ಯಾರ್ಥಿಗಳು ಅದೇ ಟವೆಲ್ಲಿನ ಪಕ್ಕದಲ್ಲಿ ಕುಳಿತು ಪಾಠ ಕಲಿತರು.

ಸ್ಟಾಸೆನ್‌ರ ಆಡಳಿತದಲ್ಲಿ ನೆನಪಿಡಬೇಕಾದ ಯುದ್ಧವೊಂದು ನಡೆಯಿತು. ಅದು ಜ್ಞಾನಕ್ಕಾಗಿ ನಡೆದದ್ದಲ್ಲ, ಫುಟ್‌ಬಾಲ್‌ಗಾಗಿ ನಡೆದದ್ದು. ಟಿ.ವಿ. ಆಗಷ್ಟೇ ಮನೆಗಳಿಗೆ ಕಾಲಿಟ್ಟಿತ್ತು. ಪಂದ್ಯ ಮನೆಯಲ್ಲೇ ಕಂಡರೆ ಕ್ರೀಡಾಂಗಣಕ್ಕೆ ಯಾರು ಬರುತ್ತಾರೆ ಎಂದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಪ್ರಸಾರಕ್ಕೆ ಮಿತಿ ಹೇರಿತು. 1951ರಲ್ಲಿ ಪೆನ್ಸಿಲ್ವೇನಿಯ 'ನಮ್ಮೂರಿನ ಪಂದ್ಯಗಳನ್ನು ನಾವು ತೋರಿಸಿಯೇ ಸಿದ್ಧ' ಎಂದು ತೊಡೆ ತಟ್ಟಿತು. ಸಂಸ್ಥೆ ಬಹಿಷ್ಕಾರದ ಬೆದರಿಕೆ ಹಾಕಿತು. ಎದುರಾಳಿ ತಂಡಗಳೇ ಬರದಿದ್ದರೆ ಆಡುವುದು ಯಾರೊಡನೆ? ವಿಶ್ವವಿದ್ಯಾಲಯ ಉಗುಳು ನುಂಗಿಕೊಂಡು ಹಿಂದೆ ಸರಿಯಿತು. ಐವತ್ತು ದೇಶಗಳನ್ನು ಒಂದು ಕಾಗದದ ಸುತ್ತ ಕೂರಿಸಿದವರಲ್ಲಿ ಒಬ್ಬರಾದ ರಾಜತಾಂತ್ರಿಕರಿಗೆ ಹತ್ತಾರು ಕಾಲೇಜು ತಂಡಗಳನ್ನು ಒಲಿಸಿಕೊಳ್ಳಲಾಗಲಿಲ್ಲ. ಅಣ್ವಸ್ತ್ರಕ್ಕಿಂತ ಫುಟ್‌ಬಾಲ್ ಸೂಕ್ಷ್ಮ ವಿಷಯ ಎಂದು ಆಗಲೇ ಅರಿವಾಗಬೇಕಿತ್ತು.

1952ರ ಷಿಕಾಗೊ ಅಧಿವೇಶನದಲ್ಲಿ ಇಬ್ಬರು ವಿಶ್ವವಿದ್ಯಾಲಯ ಅಧ್ಯಕ್ಷರೂ ಅಖಾಡದಲ್ಲಿದ್ದರು. ಮೊದಲ ಸುತ್ತಿನಲ್ಲಿ ಐಸೆನ್‌ಹೋವರ್‌ಗೆ 595 ಮತ, ಬೇಕಾದದ್ದು 604. ಸ್ಟಾಸೆನ್‌ರ ತವರಾದ ಮಿನೆಸೋಟದ ಪ್ರತಿನಿಧಿಗಳು ಎದ್ದು ತಮ್ಮ 19 ಮತಗಳನ್ನು ಜನರಲ್ ಕಡೆಗೆ ತಿರುಗಿಸಿದರು. ಟಿಕೆಟ್ ಅಲ್ಲೇ ತೀರ್ಮಾನವಾಯಿತು. ಚುನಾವಣೆ ಗೆದ್ದು ಅಧ್ಯಕ್ಷರಾದ ಐಸೆನ್‌ಹೋವರ್‌ಗೆ ಋಣ ತೀರಿಸುವುದು ಗೊತ್ತಿತ್ತು. ಮೊದಲು ವಿದೇಶಿ ನೆರವಿನ ಖಾತೆ, 1955ರಲ್ಲಿ ನಿಶ್ಶಸ್ತ್ರೀಕರಣದ ವಿಶೇಷ ಸಹಾಯಕ ಹುದ್ದೆ, ಸಂಪುಟ ದರ್ಜೆಯ ಸಮೇತ. ಪತ್ರಿಕೆಗಳು 'ಶಾಂತಿ ಸಚಿವ' ಎಂದು ಬಿರುದು ಕೊಟ್ಟವು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಭಟ್ಟರಿರುವುದು ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲೆಸ್‌ಗೆ ಸಹ್ಯವಾಗಲಿಲ್ಲ.

ಶಾಂತಿ ಸಚಿವರು ಮೊದಲು ಯುದ್ಧ ಸಾರಿದ್ದು ತಮ್ಮದೇ ಪಕ್ಷದ ಮೇಲೆ. 1956ರ ಜುಲೈನಲ್ಲಿ ಪತ್ರಕರ್ತರನ್ನು ಕರೆದು, ಉಪಾಧ್ಯಕ್ಷ ಸ್ಥಾನಕ್ಕೆ ನಿಕ್ಸನ್ ಬೇಡ, ಮ್ಯಾಸಚೂಸೆಟ್ಸ್ ಗವರ್ನರ್ ಕ್ರಿಶ್ಚಿಯನ್ ಹರ್ಟರ್ ಇರಲಿ ಎಂದರು. ಮುಂದಿನ ತಿಂಗಳ ಅಧಿವೇಶನ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ನಿಕ್ಸನ್ ಹೆಸರನ್ನು ಸೂಚಿಸಿದವರು ಯಾರು? ಹರ್ಟರ್. ಅನುಮೋದಿಸಿದವರಲ್ಲಿ ಸಾಕ್ಷಾತ್ ಸ್ಟಾಸೆನ್! ಹನ್ನೊಂದು ವರ್ಷದ ಹಿಂದೆ ಮನುಕುಲವನ್ನು ಯುದ್ಧದ ಪಿಡುಗಿನಿಂದ ಪಾರುಮಾಡುವ ಸನ್ನದಿಗೆ ಸಹಿ ಹಾಕಿದ್ದ ಊರಿನಲ್ಲೇ, ತಾವು ಬೇಡವೆಂದವರಿಗೆ ಕೈ ಎತ್ತಿ ಜೈ ಎಂದರು. ಇಷ್ಟು ಪಾರದರ್ಶಕವಾಗಿ ಮುಖಭಂಗ ಅನುಭವಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಮರುವರ್ಷ ಲಂಡನ್‌ನಲ್ಲಿ ಅಮೆರಿಕದ ನಿಶ್ಶಸ್ತ್ರೀಕರಣದ ಆಲೋಚನೆಗಳ ಕಾಗದವನ್ನು ಮಿತ್ರರಾಷ್ಟ್ರಗಳಿಗೆ ತೋರಿಸುವ ಮೊದಲೇ ಸೋವಿಯತ್ ಪ್ರತಿನಿಧಿ ಜೋರಿನ್ ಕೈಗೆ ಕೊಟ್ಟರು. ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಮಿಲನ್ ಕೆಂಡಾಮಂಡಲರಾದರು. 1958ರಲ್ಲಿ ಶಾಂತಿ ಖಾತೆ ಮುಗಿಯಿತು.

ಅಲ್ಲಿಂದಾಚೆಗಿನದು ಬೇಗ ಹೇಳಿ ಮುಗಿಸಬಹುದಾದ ಕತೆ. ಪೆನ್ಸಿಲ್ವೇನಿಯದ ಗವರ್ನರ್ ಆಗಲು ಹೊರಟು ಸೋಲು, ಫಿಲಡೆಲ್ಫಿಯಾದ ಮೇಯರ್ ಆಗಲು ಹೊರಟು ಸೋಲು, ಮಿನೆಸೋಟಕ್ಕೆ ಮರಳಿ ಸೆನೆಟ್, ಗವರ್ನರ್, ಪ್ರತಿನಿಧಿ ಸಭೆ ಎಲ್ಲದರಲ್ಲೂ ಸೋಲು. ನಡುನಡುವೆ ಶ್ವೇತಭವನ. 1948ರ ಅಧಿವೇಶನದ ಮೊದಲ ಸುತ್ತಿನಲ್ಲಿ 157 ಮತ ಪಡೆದಿದ್ದವರು 1968ರಲ್ಲಿ ಪಡೆದದ್ದು ಎರಡು. ಟಿ.ವಿ. ಹಾಸ್ಯಗಾರರಿಗೆ ಅವರ ವಿಗ್ ಒಂದೇ ಸಾಕಾಯಿತು. ಸನ್ನದಿನ ಕೆಳಗಿನ ಸಹಿ ಯಾರಿಗೂ ಕಾಣಲಿಲ್ಲ.

ನನಗೆ ನಗು ಬರುವುದು ವಿಗ್ ನೋಡಿ ಅಲ್ಲ. ವಿಶ್ವವಿದ್ಯಾಲಯ ಕೊಡುವಾಗ ಪಾಠ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ನಿಶ್ಶಸ್ತ್ರೀಕರಣ ಕೊಡುವಾಗ ತಾಳ್ಮೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಎಲ್ಲ ಕುರ್ಚಿಗಳನ್ನೂ ಮುಂದಿನ ಕುರ್ಚಿಯ ಮೆಟ್ಟಿಲಾಗಿ ಕೊಟ್ಟು, ಅವರು ಮೆಟ್ಟಿಲೇರುತ್ತಲೇ ಇದ್ದಾಗ 'ಎಂಥ ಹುಚ್ಚ ನೋಡು' ಎಂದ ಆ ಜಾಣರನ್ನು ನೋಡಿ ನಗಬೇಕು. ಮೇನ್ ರಾಜ್ಯದ ಕೆನೆತ್ ಕರ್ಟಿಸ್ ಕೂಡ ಗವರ್ನರ್ ಆಗಿ, ಕೆನಡಾದಲ್ಲಿ ರಾಯಭಾರಿಯಾಗಿ, ಕೊನೆಗೆ ತಾವು ಓದಿದ ನೌಕಾಯಾನ ಕಾಲೇಜಿನ ಅಧ್ಯಕ್ಷರಾಗಿ ಎಂಟು ವರ್ಷ ಅಲ್ಲೇ ಕುಳಿತರು. ಯಾರ ಹಾಸ್ಯಕ್ಕೂ ಸಿಗಲಿಲ್ಲ, ಆದ್ದರಿಂದ ಯಾರಿಗೂ ನೆನಪಿಲ್ಲ.

ಸ್ಟಾಸೆನ್ 2001ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಸೇಂಟ್ ಪಾಲ್ ನಗರದ ದೊಡ್ಡ ಸರ್ಕಾರಿ ಕಟ್ಟಡವೊಂದಕ್ಕೆ ಅವರ ಹೆಸರಿದೆ. ಒಳಗಿರುವುದು ಮಿನೆಸೋಟದ ತೆರಿಗೆ ಇಲಾಖೆ. ಮತ ಹಾಕದೆ ತಪ್ಪಿಸಿಕೊಂಡ ರಾಜ್ಯದವರೆಲ್ಲ ವರ್ಷಕ್ಕೊಮ್ಮೆ ಸ್ಟಾಸೆನ್ ಹೆಸರಿನ ಆ ಕಚೇರಿಗೆ ಲೆಕ್ಕ ಒಪ್ಪಿಸಲೇಬೇಕು, ತಡವಾದರೆ ದಂಡದ ಸಮೇತ.