ಚಿಕ್ಕಪ್ಪನ ಫ್ಲಾಸ್ಕು, ನನ್ನ ಎರಡು ಕಿಲೋ ಟೀ ಪುಡಿ

ಇವತ್ತು ಬೆಳಿಗ್ಗೆ ಮೆಂತ್ಯದ ಡಬ್ಬಿ ತೆಗೆಯೋಣ ಅಂತ ಮೇಲಿನ ಶೆಲ್ಫಿಗೆ ಕೈ ಹಾಕಿದೆ, ಅರ್ಧ ಕಿಲೋದ ಟೀ ಪುಡಿ ಪೊಟ್ಟಣ ನೇರ ಹಣೆಗೇ ಬಂತು. ಅದರ ಹಿಂದೆ ಇನ್ನೂ ಮೂರು ಪೊಟ್ಟಣ ಸರದಿಗೆ ಕಾಯುತ್ತ ಕೂತಿದ್ದವು. ನಮ್ಮ ಮನೆಯಲ್ಲಿ ಟೀ ಕುಡಿಯುವವರು ಒಬ್ಬರೂ ಇಲ್ಲ. ನಮ್ಮಜ್ಜಿಯ ಕಾಲದಿಂದಲೂ ಇಲ್ಲ. ಇಷ್ಟಕ್ಕೆಲ್ಲ ಕಾರಣ ಚಿಕ್ಕಪ್ಪ ಮತ್ತು ಅವರ ಸ್ಟೀಲ್ ಫ್ಲಾಸ್ಕು.

ಹೋದ ವಾರ ಮೈಸೂರಿನಿಂದ ಊಟಿಗೆ ಹೊರಟಿದ್ದೆವು. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ಹಾಗಾಗಿ ಚಿಕ್ಕಪ್ಪ ಮೂರಕ್ಕೇ ಎದ್ದು ಕಾಫಿ ಡಿಕಾಕ್ಷನ್ ಇಳಿಸಿಕೊಂಡಿದ್ದರು. ಅವರದು ಎಂಬತ್ತಕ್ಕೆ ಇಪ್ಪತ್ತು ಚಿಕೋರಿ, ಒಂದು ಚಮಚ ಆಚೀಚೆ ಆಗುವ ಹಾಗಿಲ್ಲ. "ಚಿಕ್ಕಪ್ಪ, ನಾವು ಹೋಗ್ತಿರೋದೇ ಟೀ ಊರಿಗೆ" ಅಂದೆ. "ಅದಕ್ಕೇ ತಗೊಂಡಿರೋದು" ಅಂದರು.

ಗಡಿ ಚೆಕ್‌ಪೋಸ್ಟಿನಲ್ಲಿ ಮಾಮೂಲಿ ಪರದಾಟ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು. ಪಾಸು ಇದ್ದದ್ದು ಹೆಂಡತಿಯ ಫೋನಿನಲ್ಲಿ, ಫೋನು ಇದ್ದದ್ದು ಡಿಕ್ಕಿಯ ತಳದ ಬ್ಯಾಗಿನಲ್ಲಿ. ಅದು ಸಿಗುವಷ್ಟರಲ್ಲಿ ನಮ್ಮ ಆರು ಪ್ಲಾಸ್ಟಿಕ್ ನೀರಿನ ಬಾಟಲಿಗಳು ಚೆಕ್‌ಪೋಸ್ಟಿನವರ ಮೂಟೆ ಸೇರಿದ್ದವು. ಚಿಕ್ಕಪ್ಪ ಫ್ಲಾಸ್ಕನ್ನು ಎತ್ತಿ ತೋರಿಸಿ, "ಸ್ಟೀಲು!" ಅಂದರು, ಗೆದ್ದ ಕಪ್ಪು ಎತ್ತಿ ಹಿಡಿದ ಹಾಗೆ. ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಇಪ್ಪತ್ತನೇ ತಿರುವಿನಲ್ಲಿ ನನ್ನ ಮಗ ವಾಂತಿ ಬರ್ತಿದೆ ಅಂದಾಗ ಅವರು ಮೊದಲು ಆ ಕಡೆ ಸರಿಸಿದ್ದು ಫ್ಲಾಸ್ಕನ್ನು, ಮಗುವನ್ನಲ್ಲ.

ಊಟಿಯಲ್ಲಿ ಎಲ್ಲರ ಹಾಗೆ ನಾವೂ ಒಂದು ಟೀ ಫ್ಯಾಕ್ಟರಿ ನೋಡಲು ಹೋದೆವು. ಹಸಿ ಎಲೆಯನ್ನು ಉದ್ದನೆಯ ತೊಟ್ಟಿಗಳಲ್ಲಿ ಹರಡಿ ಗಾಳಿ ಹಾಯಿಸಿ ಬಾಡಿಸುತ್ತಾರೆ. ಆಮೇಲೆ ಹಲ್ಲಿನ ರೋಲರುಗಳ ನಡುವೆ ಅರೆದು, ಹರಿದು, ಸುರುಳಿ ಮಾಡುತ್ತಾರೆ. ಸಿಟಿಸಿ (ಕ್ರಷ್, ಟೇರ್, ಕರ್ಲ್) ಅನ್ನುವುದು ಅದಕ್ಕೇ. ಬಿಳಿ ಅಂಗಿಯ ಹುಡುಗ ಎಲ್ಲವನ್ನೂ ಮೂರು ಭಾಷೆಯಲ್ಲಿ ಶ್ರದ್ಧೆಯಿಂದ ವಿವರಿಸುತ್ತಿದ್ದ.

"ಹುರಿಯೋದು ಯಾವಾಗ?" ಅಂತ ಕೇಳಿದರು ಚಿಕ್ಕಪ್ಪ.

"ಹುರಿಯಲ್ಲ ಸಾರ್. ಬಿಸಿಗಾಳಿಯಲ್ಲಿ ಒಣಗಿಸ್ತೀವಿ."

"ಒಂದು ಸಲಾನೂ ಹುರಿಯಲ್ವಾ?"

"ಇಲ್ಲ ಸಾರ್."

ಚಿಕ್ಕಪ್ಪ ನನ್ನ ಕಡೆ ತಿರುಗಿ, ಪಿಸುಮಾತು ಅಂದುಕೊಂಡು ಇಡೀ ಹಾಲಿಗೆ ಕೇಳಿಸುವಂತೆ, "ಪಾಪ, ಬರೀ ಸೊಪ್ಪು ಕುದಿಸಿ ಕುಡೀತಾರೆ ಕಣೋ" ಅಂದರು.

ಕೊನೆಯಲ್ಲಿ ಎಲ್ಲರಿಗೂ ಚಿಟಿಕೆಯಷ್ಟು ದೊಡ್ಡ ಲೋಟದಲ್ಲಿ ಪುಕ್ಕಟೆ ಟೀ. ಸಾಲು ದೊಡ್ಡದಿತ್ತು. ನಮ್ಮ ಸರದಿ ಬಂದಾಗ ಚಿಕ್ಕಪ್ಪ, "ಟೀ ಬೇಡ, ಬಿಸಿ ಹಾಲು ಅರ್ಧ ಲೋಟ ಕೊಡಪ್ಪ, ಸಕ್ಕರೆ ಬೇಡ" ಅಂದರು. ಹುಡುಗ, ಹಿರಿಯರಿಗೆ ಗ್ಯಾಸ್ಟ್ರಿಕ್ ಇರಬೇಕು ಅಂತ ಕರುಣೆಯಿಂದ ಕೊಟ್ಟ. ಚಿಕ್ಕಪ್ಪ ಕೌಂಟರಿನ ಮೇಲೇ ಫ್ಲಾಸ್ಕು ಇಟ್ಟು, ಮುಚ್ಚಳ ತಿರುಗಿಸಿ, ಡಿಕಾಕ್ಷನ್ ಸುರಿದು, ಮೊಣಕೈ ಮೇಲಕ್ಕೆತ್ತಿ ಆ ಲೋಟದಿಂದ ಮುಚ್ಚಳಕ್ಕೆ, ಮುಚ್ಚಳದಿಂದ ಲೋಟಕ್ಕೆ ನೊರೆ ಬರುವ ತನಕ ಆರಿಸಿದರು. ಆ ಘಮಲು ಇದೆಯಲ್ಲ, ಅದಕ್ಕೆ ನಾಚಿಕೆ ಅನ್ನುವುದೇ ಇಲ್ಲ. ಇಡೀ ಕಟ್ಟಡದ ಟೀ ವಾಸನೆಯನ್ನು ಪಕ್ಕಕ್ಕೆ ತಳ್ಳಿ ಸಾಲಿನ ಕೊನೆಯವರೆಗೂ ಹೋಯಿತು. ಹಿಂದಿನಿಂದ ನಮ್ಮ ಕಡೆಯವರೇ ಯಾರೋ, "ಕಾಫಿನೂ ಫ್ರೀನಾ?" ಅಂತ ಕೂಗಿದರು. ಇಬ್ಬರು ಹೆಂಗಸರು ಟೀ ಲೋಟ ವಾಪಸ್ ಇಟ್ಟು ಚಿಕ್ಕಪ್ಪನ ಹಿಂದೆ ಬಂದು ನಿಂತರು. ಚಿಕ್ಕಪ್ಪ ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಇದು ಮನೇದು" ಅಂದರು.

ಬಿಳಿ ಅಂಗಿಯ ಹುಡುಗ ಏನೂ ಅನ್ನಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ಕೌಂಟರಿನ ಮೇಲೆ ಬಿದ್ದಿದ್ದ ಡಿಕಾಕ್ಷನ್ ಹನಿಗಳನ್ನು ಬಟ್ಟೆಯಿಂದ ಒರೆಸಿದ. ನಾನು ಸೀದಾ ಮಾರಾಟದ ಅಂಗಡಿಗೆ ಹೋಗಿ ಅರ್ಧ ಕಿಲೋದ ನಾಲ್ಕು ಪೊಟ್ಟಣ ಕೊಂಡೆ. ಒಂದು ಕಿಲೋ ಪುಡಿಗೆ ನಾಲ್ಕು ಕಿಲೋಗೂ ಮೇಲೆ ಹಸಿ ಎಲೆ ಬೇಕು ಅಂತ ಆಗಷ್ಟೇ ಕೇಳಿದ್ದೆ. ಅಂದರೆ ನನ್ನ ಮರ್ಯಾದೆ ಉಳಿಸಲು ಎಂಟು ಕಿಲೋಗೂ ಹೆಚ್ಚು ಎಲೆ ಪ್ರಾಣ ಬಿಟ್ಟಿತ್ತು. ಹೆಂಡತಿ ಬಿಲ್ ನೋಡಿದಳು, ನನ್ನನ್ನು ನೋಡಿದಳು, ಕಾರಿನ ತನಕ ಮಾತಾಡಲಿಲ್ಲ.

ಮಧ್ಯಾಹ್ನ ಕೂನೂರಿನ ದಾರಿಯಲ್ಲಿ, ಕೇತಿ ಕಣಿವೆ ಕಾಣುವ ಕಡೆ ಒಂದು ಸಣ್ಣ ಅಂಗಡಿ. ಮತ್ತೆ ಅರ್ಧ ಲೋಟ ಹಾಲು! ನಾನು ಕಾರಿನಿಂದ ಇಳಿಯಲೇ ಇಲ್ಲ. ಅಂಗಡಿಯಲ್ಲಿದ್ದದ್ದು ನೀಲಗಿರಿಯದೇ ಬಡಗ ಸಮುದಾಯದ ಅಜ್ಜಿ. ಅವರು ಬಡಗ ಮಾತಾಡಿದರು, ಇವರು ಕನ್ನಡ. ಅರ್ಧರ್ಧ ಇಬ್ಬರಿಗೂ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಕೈಸನ್ನೆ. "ದೊಡ್ಡಬೆಟ್ಟ ಅನ್ನೋದು ನಮ್ಮ ಮಾತೇ ಅಲ್ವೇನಮ್ಮ" ಅಂದರು ಚಿಕ್ಕಪ್ಪ. ಅಜ್ಜಿ ನಕ್ಕು, ಕೆಳಗಿನ ಇಳಿಜಾರಿನಲ್ಲಿ ತಮ್ಮ ತುಂಡು ತೋಟ ತೋರಿಸಿದರು. ಎಲೆಗೆ ಸಿಗುವ ದುಡ್ಡು ಕೀಳುವವರ ಕೂಲಿಗೇ ಸರಿಹೋಗುತ್ತದಂತೆ.

ಆ ಫ್ಲಾಸ್ಕಿಗೆ ಎರಡು ಮುಚ್ಚಳ, ಒಂದರೊಳಗೆ ಒಂದು. ಒಳಗಿನದು ಚಿಕ್ಕಮ್ಮನದು. ಎರಡು ವರ್ಷದಿಂದ ಅದು ಹೊರಗೆ ಬಂದದ್ದು ನಾನು ನೋಡಿರಲಿಲ್ಲ. ಚಿಕ್ಕಪ್ಪ ಅದನ್ನು ತೆಗೆದು, ತಮ್ಮ ಪಂಚೆಯ ಅಂಚಿನಲ್ಲಿ ಒರೆಸಿ, ಕಾಫಿ ಬೆರೆಸಿ ಅಜ್ಜಿಗೆ ಕೊಟ್ಟರು. ನಾನು ಕಾರಿನಿಂದ ಇಳಿದೆ. ನನಗೆ ಕೊಡಲಿಲ್ಲ, ಅದು ಬೇರೆ ವಿಷಯ.

ಈಗ ಹಣೆಗೆ ಐಸು ಒತ್ತಿಕೊಂಡು ಇದನ್ನು ಬರೆಯುತ್ತಿರುವಾಗ ಚಿಕ್ಕಪ್ಪನ ಫೋನು. ಮನೆಗೆ ಬಣ್ಣ ಹೊಡೆಯಲು ನಾಲ್ಕು ಜನ ಬಂದಿದ್ದಾರಂತೆ, ಅವರಿಗೆ ಕಾಫಿ ಆಗುವುದಿಲ್ಲವಂತೆ.

"ಒಂದು ಪೊಟ್ಟಣ ಕಳಿಸೋ. ಅಂಗಡಿದು ಬೇಡ, ಊಟಿದೇ ಇರಲಿ. ಒಳ್ಳೇ ಮಾಲು ಅದು, ಮಾಡೋದನ್ನ ನಾನೇ ಮುಂದೆ ನಿಂತು ನೋಡಿದೀನಲ್ಲ."